ಮಳೆ ತಪ್ಪಿದ ವರ್ಷದ ಬೇಸಾಯ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆಗಾಲ ಕಳೆದರೆ ಬರಿಯ ಮರಳು. ವರ್ಷಕ್ಕೆ ಬೀಳುವ ಸುಮಾರು 700 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನದು, ಅದನ್ನೂ ನೆಚ್ಚುವಂತಿಲ್ಲ. ಹವಾಮಾನ ಬದಲಾವಣೆಯ ಮಾತು ಹುಟ್ಟುವ ಎಷ್ಟೋ ಮೊದಲೇ ಇಲ್ಲಿನ ಬೇಸಾಯ ಕೈಕೊಡುವ ಮಳೆಗೆ ಒಗ್ಗಿಕೊಂಡಿತ್ತು.

ಖುಷ್ಕಿ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿತ್ತುತ್ತಾರೆ. ಹಗಲು ಚಿಕ್ಕದಾದಾಗ ಹೂ ಬಿಡುವ ನಾಟಿ ಅವರೆ, ರಾಗಿ ಕೊಯ್ಲಾದ ಮೇಲೂ ನೆಲದ ತೇವದಲ್ಲೇ ಕಾಯಿ ಕಟ್ಟುತ್ತದೆ. ಒಂದು ಕೈಬಿಟ್ಟರೆ ಇನ್ನೊಂದು ಮನೆಗೆ ಬರುತ್ತದೆ. ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಎಣಿಸುವ ಮಳೆ ನಕ್ಷತ್ರಗಳನ್ನು ಭವಿಷ್ಯವಾಣಿಯೆಂದು ಹಗುರವಾಗಿ ಕಾಣುವವರುಂಟು. ರೈತರಿಗೆ ಅದು ತೀರ್ಮಾನದ ಗಡುವು: ಇಂಥ ಮಳೆ ತಪ್ಪಿದರೆ ದೀರ್ಘಾವಧಿ ರಾಗಿ ಬಿಟ್ಟು ಅಲ್ಪಾವಧಿಯದು, ಅದಕ್ಕೂ ಹೊತ್ತು ಮೀರಿದರೆ ಹುರುಳಿ.

ಕೆರೆಯ ವಿಚಾರದಲ್ಲಿ ಮಾತ್ರ ಒಬ್ಬ ರೈತನ ಜಾಣ್ಮೆ ಸಾಲದು. ಜಿಲ್ಲೆಯ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಲ್ಲಿ ಅನೇಕವು ರಾಜಕಾಲುವೆಗಳಿಂದ ಒಂದಕ್ಕೊಂದು ಬೆಸೆದುಕೊಂಡಿವೆ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬು ತೆರೆದು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ಹಾಯಿಸುತ್ತಿದ್ದವನು ನೀರುಗಂಟಿ. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಅಚ್ಚುಕಟ್ಟಿಗೆ ನೀರು, ಬತ್ತವೋ ರಾಗಿಯೋ ಎಂಬುದನ್ನು ಊರು ಕೂತು ನಿರ್ಧರಿಸುತ್ತಿತ್ತು. ಕೆರೆಯ ಹೂಳು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಕೆರೆ ಕಟ್ಟಿಸಿದವರಿಗೆ, ಕಾಯುವವರಿಗೆ ಕೊಟ್ಟ ಭೂಮಿಯ ವಿವರ ಈ ಭಾಗದ ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ ಎಂದು ಸಿಗುತ್ತದೆ.

ಈ ವ್ಯವಸ್ಥೆಯನ್ನು ಹೊಗಳುವಾಗ ಒಂದನ್ನು ಮರೆಯಬಾರದು. ನೀರುಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರು. ನೀರು ಹಂಚಿದವನಿಗೆ ಕಣದಲ್ಲಿ ಸಿಗುತ್ತಿದ್ದುದು ಒಂದಿಷ್ಟು ಕಾಳು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿದ್ದು ನ್ಯಾಯವೇ. ಆದರೆ ನೀರು ಹಂಚುವ ಕೆಲಸಕ್ಕೆ ಸಂಬಳದ ಬೇರೆ ವ್ಯವಸ್ಥೆ ನೆಲೆಗೊಳ್ಳಲಿಲ್ಲ. ರಾಜಕಾಲುವೆಗಳು ಒತ್ತುವರಿಯಾದವು, ಮಾಲೂರಿನ ಕಡೆ ನೀಲಗಿರಿ ಹಬ್ಬಿತು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೊಳವೆಬಾವಿಗೆ ಸರದಿಯಿಲ್ಲ, ಮೋಟಾರು ಯಾರದೋ ನೀರು ಅವರದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ತರುತ್ತಿದೆ. ಮೊದಲು ಗುರುತಿಸಿದ್ದು 126 ಕೆರೆ. ಈ ನೀರು ಅಂತರ್ಜಲ ಮರುಪೂರಣಕ್ಕಷ್ಟೇ, ನೇರವಾಗಿ ಗದ್ದೆಗೆ ಹಾಯಿಸುವಂತಿಲ್ಲ. ಹಾಗಾಗಿ ಕೆರೆ ತುಂಬಿದರೂ ತೂಬು ತೆರೆಯುವ ಕೆಲಸವಿಲ್ಲ. ನೆಲದಡಿಗೆ ಇಳಿದ ನೀರನ್ನು ಯಾರು ಎಷ್ಟು ಎತ್ತಬೇಕೆಂದು ಊರು ಕೂತು ಹೇಳುವ ಪದ್ಧತಿ ಇನ್ನೂ ಬಂದಿಲ್ಲ.