ಖಾಕಿಯೊಳಗಿನ ದಣಿವು

ಪ್ರತಿ ವರ್ಷ ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ 10 ಮಂದಿ ಸಿಆರ್‌ಪಿಎಫ್ ಯೋಧರ ನೆನಪಿಗಾಗಿ ಮೊದಲಾದ ಆಚರಣೆ ಇದು. ಕರ್ತವ್ಯದ ವೇಳೆ ಮಡಿದವರಿಗೆಲ್ಲ ಅಂದು ಗೌರವ ಸಲ್ಲುತ್ತದೆ; ಸಲ್ಲಬೇಕಾದ್ದೇ. ಆದರೆ ಪೊಲೀಸರ ಜೀವ ತೆಗೆಯುವುದು ಗುಂಡು, ಮಚ್ಚುಗಳಷ್ಟೇ ಅಲ್ಲ.

2016ರ ಜೂನ್‌ನಲ್ಲಿ ಕರ್ನಾಟಕದ ಪೇದೆಗಳಿಗೆ ಸಾಮೂಹಿಕ ರಜೆ ಹಾಕುವಂತೆ ಕರೆ ಹೋದಾಗ ರಾಜ್ಯವೇ ಬೆಚ್ಚಿತ್ತು. ಸಂಬಳದ ಜೊತೆಗೆ ಅವರು ಕೇಳಿದ್ದು ವಾರದ ರಜೆ, ಆರ್ಡರ್ಲಿ ಚಾಕರಿಯಿಂದ ಮುಕ್ತಿ. ಮರುತಿಂಗಳೇ, ಒಂದೇ ವಾರದಲ್ಲಿ ಇಬ್ಬರು ಡಿವೈಎಸ್ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಚರ್ಚೆಯೆಲ್ಲ ರಾಜಕೀಯಕ್ಕೆ ತಿರುಗಿತು. ಠಾಣೆಯ ದಣಿವಿನ ಮಾತು ಹಿಂದೆ ಉಳಿಯಿತು.

ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಹೆಣ ಕಾಯ್ದು, ಅಪಘಾತದ ರಕ್ತ ನೋಡಿ, ಮೇಲಧಿಕಾರಿಯ ಬೈಗುಳ ನುಂಗಿ ಮನೆಗೆ ಬಂದವನು ಮಕ್ಕಳ ಮೇಲೆ ರೇಗಿದರೆ ಅಚ್ಚರಿಯೇನು?

ಆಪ್ತ ಸಲಹೆ ಬೇಕು ಎನ್ನುವವರು ಈಗ ಇಲಾಖೆಯಲ್ಲೂ ಇದ್ದಾರೆ. ಒಳ್ಳೆಯದೇ. ಆದರೆ ‘ತಲೆ ಸರಿಯಿಲ್ಲ’ ಎಂಬ ಹಣೆಪಟ್ಟಿ ಬಿದ್ದೀತೆಂಬ ಭಯದಲ್ಲಿ ಸಲಹೆಗಾರರ ಬಾಗಿಲು ತಟ್ಟುವವರಾರು? ಧೈರ್ಯ ಮಾಡಿ ಹೊರಟರೂ ಅರ್ಧ ದಿನದ ರಜೆ ಬೇಕು. ‘ಬಂದೋಬಸ್ತ್ ಮುಗೀಲಿ, ನೋಡೋಣ’ ಎನ್ನುತ್ತಾರೆ ಸಾಹೇಬರು. ಗಣೇಶನ ಮೆರವಣಿಗೆ ಮುಗಿಯುವಷ್ಟರಲ್ಲಿ ದಸರಾ ಬಂದಿರುತ್ತದೆ.