ಖಾನಾಪುರದ ಕಾಡಿನಲ್ಲಿ ಕೂಡಿದವರು, ಅಗಲಿದವರು

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದ ಹಾದಿ ಹಿಡಿದವರಿಗೆ ಎರೆಯ ಹೊಲಗಳು ಹಿಂದುಳಿದು, ಕೆಂಪು ನೆಲವೂ ಭತ್ತದ ಗದ್ದೆಗಳೂ ಅವುಗಳಾಚೆ ಭೀಮಗಡದ ಕಡೆಗೆ ಏರುವ ದಟ್ಟಡವಿಯೂ ಒಂದೊಂದಾಗಿ ಕಾಣತೊಡಗುವುವು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಅಡವಿಯ ಒಂದು ಅಂಚಿಗೆ ಕುಂಪಣಿ ಸರಕಾರವೂ, ಘಟ್ಟದ ಕೆಳಗೆ ಪೋರ್ಚುಗೀಸರ ಗೋವೆಯೂ, ವಾಯವ್ಯಕ್ಕೆ ಸಾವಂತವಾಡಿ, ಕೊಲ್ಹಾಪುರಗಳೂ ಇದ್ದುವು. ಇಲ್ಲಿ ಕತ್ತಿ ಹಿಡಿದವರ ಮೈತ್ರಿಗಳು ಮೇಲಿಂದ ಮೇಲೆ ಏಕೆ ಬದಲಾದುವೆಂಬುದನ್ನು ಅವರವರ ಶೀಲದಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಭೂಮಿಯ ಹಕ್ಕಿನಿಂದ ಅಳೆಯುವುದು ಹೆಚ್ಚು ಫಲಕಾರಿಯೆಂದು ನನ್ನ ಎಣಿಕೆ.

ಕಿತ್ತೂರನ್ನೇ ನೋಡಿರಿ. ಪೇಶವೆಯ ಸೆರೆಯಲ್ಲಿ ನವೆದ ಮಲ್ಲಸರ್ಜ ದೇಸಾಯಿಯು 1816ರಲ್ಲಿ ತೀರಿಕೊಂಡ ಮೇಲೆ, ಮಗ ಶಿವಲಿಂಗರುದ್ರಸರ್ಜನು 1818ರಲ್ಲಿ ಕುಂಪಣಿಯ ಸೇನಾಪತಿ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಪೇಶವೆಯ ವಿರುದ್ಧ ಇಂಗ್ಲಿಷರಿಗೇ ನೆರವಾದನು. ಪ್ರತಿಯಾಗಿ ಸಂಸ್ಥಾನವು ಅವನಲ್ಲಿಯೇ ಉಳಿಯಿತಾದರೂ ಖಾನಾಪುರದ ಭಾಗವನ್ನು ಬಿಟ್ಟುಕೊಡಬೇಕಾಯಿತು. ಅವನು ಮಕ್ಕಳಿಲ್ಲದೆ ಮಡಿದಾಗ ದತ್ತಕವನ್ನು ಒಪ್ಪದ ಅದೇ ಕುಂಪಣಿಯ ಮೇಲೆ ಮಲ್ಲಸರ್ಜನ ರಾಣಿ ಚನ್ನಮ್ಮ ತಿರುಗಿಬಿದ್ದಳು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಮಿತ್ರನು ಶತ್ರುವಾಗುವುದಕ್ಕೆ ಆರು ವರ್ಷ ಸಾಕಾಯಿತು.

ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಆದರೆ ಅರಮನೆಯ ದತ್ತಕದಷ್ಟೇ ಮಹತ್ತ್ವದ್ದು ಶೇತಸನದಿಗಳ ಹೊಲ. ಊರನ್ನು ಕಾಯುವುದು, ಕಂದಾಯದ ಹಣಕ್ಕೆ ಬೆಂಗಾವಲಾಗಿ ನಡೆಯುವುದು, ಕರೆ ಬಂದಾಗ ಕತ್ತಿ ಹಿಡಿದು ಹೊರಡುವುದು, ಇಷ್ಟಕ್ಕೆ ಪ್ರತಿಯಾಗಿ ಮನೆತನವು ಉಂಬಳಿಯಾಗಿ ಉಣ್ಣುತ್ತಿದ್ದ ನೆಲವದು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ ಮನೆತನದ ಕುರುಬ. ಹೊಸ ಸರಕಾರವು ಅವನ ಹೊಲದ ಒಂದು ಪಾಲನ್ನು ಕಸಿದು, ಉಳಿದುದರ ಮೇಲೆ ಭಾರಿ ತೆರಿಗೆ ಹೇರಿತೆಂದು ಹೇಳುತ್ತಾರೆ. 1830ರ ಜನವರಿಯಲ್ಲಿ ಅವನ ದಂಡು ಬೀಡಿಯ ಕಚೇರಿಯನ್ನು ಸುಟ್ಟು, ನಂದಗಡ, ಖಾನಾಪುರ, ಸಂಪಗಾವಿಗಳ ಮೇಲೆ ಬಿದ್ದಿತು. ಖಜಾನೆಯೊಡನೆ ಕಾಗದಪತ್ರಗಳನ್ನೂ ಉರಿಸಿದರು. ಹೊಲ ಹೋದವನಿಗೆ ದಫ್ತರವೂ ಶತ್ರುವೇ. ಪದಚ್ಯುತ ಮನೆತನದ ದತ್ತಪುತ್ರನ ಹೆಸರಿನಲ್ಲಿ ಹೊರಟ ಈ ದಂಡಿನಲ್ಲಿ ಕುರುಬರು, ಬೇಡರು, ಒಡ್ಡರು ಕಲೆತಿದ್ದರು; ಸಿದ್ದಿ ಗಜವೀರನು ಅವನ ನೆಚ್ಚಿನ ಒಡನಾಡಿಯಾಗಿದ್ದನೆಂದು ಜನಪದ ಇಂದಿಗೂ ನೆನೆಯುತ್ತದೆ. ಜಾತಿಗಳ ಈ ಕೂಟವನ್ನು ಕಟ್ಟಿದ್ದು ಅರಸೊತ್ತಿಗೆಯ ನಿಷ್ಠೆಯೊಂದೇ ಅಲ್ಲ.

ಅದನ್ನು ಒಡೆದದ್ದೂ ಹೊಲವೇ. ಸಿರಿವಂತ ಗೌಡರ ಕಣಜಕ್ಕೂ ಕೈಯಿಟ್ಟ ದಂಡು ಊರಿನ ಒಡೆಯರಿಗೆ ಪ್ರಿಯವಾಗುವುದೆಂತು? ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡರು ಅಮಲದಾರ ಕೃಷ್ಣರಾಯನೊಡನೆ ಒಳಸಂಚು ಹೂಡಿ, ಸ್ನೇಹದ ಸೋಗಿನಲ್ಲಿ ರಾಯಣ್ಣನ ಬಳಿ ಸುಳಿದು, ಡೋರಿಹಳ್ಳದಲ್ಲಿ ಅವನು ಮೀಯುತ್ತಿದ್ದಾಗ ಹಿಡಿಸಿಕೊಟ್ಟರು. ದ್ರೋಹವೆನ್ನುವುದು ಸರಿಯೇ, ಲಾವಣಿಕಾರರ ತೀರ್ಪಿನ ಮೇಲೆ ನಾನು ಅಪೀಲು ಹೋಗುವವನಲ್ಲ. ಆದರೆ ಗೌಡಿಕೆಯ ಹಕ್ಕು ಉಳಿಯುವುದು ಯಾರ ಕೈಯಲ್ಲೆಂದು ಅವರು ಲೆಕ್ಕ ಹಾಕಿದ್ದರೆಂಬುದನ್ನು ಮರೆತರೆ ಕಥೆ ಅರ್ಧವೇ ತಿಳಿಯುವುದು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಲ್ಲಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ.

ಇದೇ ಲೆಕ್ಕಾಚಾರವು ಮತ್ತೆ 1844ರಲ್ಲಿ ಕಂಡಿತು. ಕೊಲ್ಹಾಪುರದ ದಿವಾನ ದಾಜಿ ಪಂಡಿತನು ಕೋಟೆಗಳ ವಂಶಪಾರಂಪರ್ಯ ಕಾವಲುಗಾರರಾದ ಗಡಕರಿಗಳ ಹೊಲಗಳನ್ನು ಮಾಮಲೇದಾರರ ಅಧೀನಕ್ಕೆ ತಂದೊಡನೆ ಸಾಮಾನಗಡದಲ್ಲಿ ದಂಗೆಯೆದ್ದಿತು. ಹೊಗೆ ಸಾವಂತವಾಡಿಗೂ ಹಬ್ಬಿ, ಫೋಂಡ ಸಾವಂತ ತಾಂಬೂಳಕರನೂ ಸೇರಿಕೊಂಡನು. ಸೋತವರು ಗೋವೆಗೆ ಇಳಿದರು. ಪೋರ್ಚುಗೀಸರು ಅವರನ್ನು ಇಂಗ್ಲಿಷರಿಗೆ ಒಪ್ಪಿಸಲಿಲ್ಲ. ಬಂಡುಕೋರರ ಮೇಲಿನ ಕರುಣೆಗಿಂತ ನೆರೆಯವನ ಮೇಲಿನ ಅಸೂಯೆ ಇಲ್ಲಿ ಹೆಚ್ಚು ಕೆಲಸ ಮಾಡಿರಬೇಕು.

ಆದರೆ 1852ರಲ್ಲಿ ಸತ್ತರಿಯ ದೀಪಾಜಿ ರಾಣೆ ಗೋವೆಯ ಸರಕಾರದ ವಿರುದ್ಧವೇ ಸಿಡಿದೆದ್ದನು. ತನ್ನ ಮನೆಗೂ ಬೆಂಕಿ ತಗುಲಿತೆಂದ ಮೇಲೆ ನೆರೆಯವನ ಬೆಂಕಿಗೆ ಗಾಳಿ ಹಾಕುವ ಹುಮ್ಮಸ್ಸು ಯಾರಿಗಿದ್ದೀತು? ಹಿಂದೆ ಗೋವೆಗೆ ಇಳಿದಿದ್ದ ಸಾವಂತರು 1858ರಲ್ಲಿ ಸೂಪೆಯ ಅಡವಿಯಲ್ಲಿ ಕಾಣಿಸಿಕೊಂಡು ಗಡಿಯ ಸುಂಕದ ಕಟ್ಟೆಗೆ ಬೆಂಕಿಯಿಟ್ಟಾಗ ಎರಡೂ ಸರಕಾರಗಳು ಕೈಜೋಡಿಸಿದುವು. ವರ್ಷದ ಕೊನೆಗೆ ಅವರಲ್ಲಿ ಹಲವರು ಗೋವೆಯ ಅಧಿಕಾರಕ್ಕೆ ಶರಣಾದರು. ಈ ಬಾರಿ ಅವರಿಗೆ ದೊರೆತದ್ದು ಆಶ್ರಯವಲ್ಲ, ತಿಮೋರ್ ದ್ವೀಪಕ್ಕೆ ಗಡೀಪಾರು. ಅವರ ಗುಂಪಿನಲ್ಲಿ ಶರಣಾಗದೆ ಉಳಿದ ಫಡ್ನೀಸ ಸಹೋದರರೂ ಸಿದ್ದಿ ಬಸ್ತಿಯಾನನೂ ಸೂಪೆಯ ಕಾಡಿನಲ್ಲಿಯೇ ಅಲೆಯುತ್ತ ಹೋರಾಡಿದರು. ಗಡಿ ದಾಟಿ ಹೋದರೂ ಅತ್ತಲೂ ಹಿಡಿಯುವವರೇ ಇದ್ದರು. 1859ರಲ್ಲಿ ಆ ಗುಂಪು ಮುಗಿಯಿತು.