ಹಿರಿಯ ಸವಾರರು ಮತ್ತು ವಾಲುವ ಮೂರು ಚಕ್ರದ ವಾಹನಗಳು: ಅರ್ಜಿದಾರರಿಗೆ ಮಾಹಿತಿ

ಕಲಬುರಗಿ ನಗರದ ಐವಾನ್-ಎ-ಶಾಹಿ ಪ್ರದೇಶದಲ್ಲಿ ನಿತ್ಯದ ಕೆಲಸಗಳಿಗೆ ಸ್ಕೂಟರನ್ನು ಅವಲಂಬಿಸಿರುವ ಹಿರಿಯ ನಾಗರಿಕರಿಗೂ, ಹುಮನಾಬಾದ್ ಮಾರ್ಗವಾಗಿ ಕಮಲಾಪುರದಿಂದ ನಗರಕ್ಕೆ ಬರುವ ಹಿರಿಯರಿಗೂ ವಯಸ್ಸಾದಂತೆ ಎದುರಾಗುವ ತೊಂದರೆ ಬಹುಮಟ್ಟಿಗೆ ಒಂದೇ. ಓಡುತ್ತಿರುವ ವಾಹನವನ್ನು ನಿಭಾಯಿಸುವುದು ಅಷ್ಟು ಕಷ್ಟವಲ್ಲ. ನಿಂತ ವಾಹನದ ಭಾರವನ್ನು ಒಂದು ಕಾಲಿನಿಂದ ತಡೆಯುವುದು ಕಷ್ಟ. ಮೂರನೆಯ ಚಕ್ರವು ಇದಕ್ಕೆ ಪರಿಹಾರವಾಗಬಲ್ಲದಾದರೂ, ಹಣ ಪಾವತಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ವಾಲುವ ಮೂರು ಚಕ್ರದ ವಾಹನದಲ್ಲಿ ಸಾಮಾನ್ಯವಾಗಿ ಮುಂದೆ ಎರಡು ಚಕ್ರಗಳಿದ್ದು, ತಿರುವಿನಲ್ಲಿ ಅವು ವಾಹನದ ಜೊತೆಗೇ ಓರೆಯಾಗುತ್ತವೆ. ಇಟಲಿಯ ಪಿಯಾಜಿಯೊ ಸಂಸ್ಥೆಯು 2006ರಲ್ಲಿ ಹೊರತಂದ ಎಂಪಿ3 ಈ ಬಗೆಯದು. ವೇಗ ತೀರ ತಗ್ಗಿದಾಗ ವಾಲುವಿಕೆಯನ್ನು ಬಿಗಿಹಿಡಿಯುವ ಬೀಗದ ವ್ಯವಸ್ಥೆ ಅದರಲ್ಲಿರುವುದರಿಂದ ಕಾಲೂರದೆಯೇ ನಿಲ್ಲಬಹುದು. ಯಮಾಹಾ ಸಂಸ್ಥೆಯ 2014ರ ಟ್ರೈಸಿಟಿಯಲ್ಲಿ ಈ ಬೀಗವಿರಲಿಲ್ಲ. ನಿಂತಾಗ ಸವಾರನೇ ಕಾಲೂರಬೇಕಿತ್ತು. ಮೂರು ಚಕ್ರವಿದ್ದರೆ ವಾಹನ ಬೀಳದೆಂಬ ನಂಬಿಕೆ ಆದ್ದರಿಂದ ಸರಿಯಲ್ಲ. ಹಿರಿಯ ಸವಾರರು ಮೊದಲು ವಿಚಾರಿಸಬೇಕಾದುದು ಬೀಗದ ಬಗ್ಗೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಸ್ಕೂಟರಿನ ಹಿಂಬದಿಯ ಎರಡೂ ಪಕ್ಕಕ್ಕೆ ಜೋಡಿಸುವ ಸೈಡ್ ವ್ಹೀಲ್. ನಿಲ್ಲುವಾಗ ಇದು ಭದ್ರ. ಆದರೆ ಈ ವಾಹನವು ವಾಲುವುದಿಲ್ಲವಾದ್ದರಿಂದ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಇಲ್ಲವಾದಲ್ಲಿ ಹೊರಮಗ್ಗುಲಿಗೆ ಮಗುಚುವ ಸಂಭವವಿದೆ. ರಸ್ತೆಯ ಅಂಚು ಇಳಿಜಾರಾಗಿದ್ದರೆ ಹ್ಯಾಂಡಲ್ ಆ ಕಡೆಗೇ ಎಳೆಯುತ್ತದೆ. ಓಣಿಯ ಓಡಾಟಕ್ಕೆ ಇದು ಸಾಕು, ಹೆದ್ದಾರಿಯ ವೇಗಕ್ಕೆ ಅಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 2(27)ರ ಪ್ರಕಾರ ಮೋಟಾರು ಸೈಕಲ್ ಎಂದರೆ ಎರಡು ಚಕ್ರದ ವಾಹನ. ಕಳಚಬಹುದಾದ ಸೈಡ್‌ಕಾರ್ ಇದ್ದರೆ ಅದೂ ಸೇರುತ್ತದೆ. ಮೋಟಾರು ಸೈಕಲ್‌ನ ಅನುಜ್ಞಾಪತ್ರವಿದ್ದ ಮಾತ್ರಕ್ಕೆ ಮೂರು ಚಕ್ರದ ವಾಹನಕ್ಕೂ ಅದು ಅನ್ವಯಿಸುತ್ತದೆಂದು ಭಾವಿಸಬಾರದು. ಹೊಸ ವಾಹನಕ್ಕೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಂತೆ ಮಾದರಿ ಅನುಮೋದನೆ ಇದೆಯೇ, ನೋಂದಣಿ ಯಾವ ವರ್ಗದಲ್ಲಾಗುತ್ತದೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆದು, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ಇರುವ ಸ್ಕೂಟರಿಗೆ ಚಕ್ರ ಜೋಡಿಸುವುದು ಕಲಂ 52ರ ಅಡಿ ಮಾರ್ಪಾಡು ಆಗುತ್ತದೆ. ವಿಕಲಚೇತನರು ತಮ್ಮ ಬಳಕೆಗಾಗಿಯೇ ಮಾಡಿಸುವ ಮಾರ್ಪಾಡಿಗೆ, ನಿಗದಿತ ಷರತ್ತುಗಳಿಗೊಳಪಟ್ಟು, ತರುವಾಯ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಲು 2019ರ ತಿದ್ದುಪಡಿಯು ಅವಕಾಶ ನೀಡಿದೆ. ಕೇವಲ ವಯಸ್ಸಿನ ಕಾರಣಕ್ಕೆ ಈ ಸೌಲಭ್ಯ ದೊರೆಯುವುದಿಲ್ಲ. ಮಂಡಿನೋವು ಎಂದಷ್ಟೇ ಹೇಳಿದರೆ ಸಾಲದು; ಅದು ದೈಹಿಕ ನ್ಯೂನತೆಯ ಮಟ್ಟದ್ದೆಂದಾದರೆ ವೈದ್ಯಕೀಯ ದಾಖಲೆ ಅವಶ್ಯ. ಮಾರ್ಪಾಡನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳದೆ ಹಾಗೂ ವಿಮಾ ಕಂಪನಿಗೆ ತಿಳಿಸದೆ ವಾಹನ ಓಡಿಸಿದಲ್ಲಿ, ಅಪಘಾತದ ಸಂದರ್ಭದಲ್ಲಿ ಪರಿಹಾರದ ಬಗ್ಗೆ ತಕರಾರು ಉದ್ಭವಿಸಬಹುದು.

55 ವರ್ಷ ತುಂಬಿದವರಿಗೆ ಅನುಜ್ಞಾಪತ್ರವನ್ನು ಐದು ವರ್ಷಗಳ ಅವಧಿಗೆ ನವೀಕರಿಸಲಾಗುತ್ತದೆ. 40 ವರ್ಷ ಮೀರಿದ ಅರ್ಜಿದಾರರು ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. ಅವಧಿ ಮುಗಿದು ಒಂದು ವರ್ಷ ಮೀರಿದಲ್ಲಿ ಚಾಲನಾ ಪರೀಕ್ಷೆಗೆ ಪುನಃ ಹಾಜರಾಗಬೇಕಾಗುತ್ತದೆ.